ಪಾಳೆಗಾರನ ಹೆಬ್ಬೆರಳು

ಕಳೆದ ವಾರ ಕಣ್ಣು ತೋರಿಸಲು ಕೂಡ್ಲಿಗಿಗೆ ಹೋಗಿದ್ದೆ. ಕೊಟ್ಟೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಎದುರಿನ ಹೋಟೆಲಿನವನು ಒಲೆಯ ಮೇಲಿಟ್ಟ ಚಹಾ ಮರೆತು ಯಾರೊಡನೆಯೋ ಮಾತಿಗೆ ಬಿದ್ದಿದ್ದ. ಪುಡಿ ಕುದ್ದು ಕುದ್ದು, ನೀರು ಇಂಗಿ, ಕಹಿಯಾದ ವಾಸನೆ ರಸ್ತೆ ದಾಟಿ ಬಂತು. ನನ್ನ ಬಲಗೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅಲ್ಲಿ ಕತ್ತರಿ ಇರಲಿಲ್ಲ. ಇರಬೇಕಾದ ಕಾರಣವೂ ಇಲ್ಲ. ಕತ್ತರಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನಾನು ತಿರುಗಿದ್ದು ಜೀವನದಲ್ಲಿ ಒಂದೇ ಒಂದು ಬೇಸಿಗೆ. ಎದೆ ಮಾತ್ರ ಆ ಬೇಸಿಗೆಯಲ್ಲಿ ಹೊಡೆದುಕೊಂಡ ಹಾಗೆಯೇ ಹೊಡೆದುಕೊಂಡಿತು. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು, "ಕುಂದರ್ರಿ ಅಮ್ಮಾ, ಬಿಸ್ಲು ಹತ್ತೈತಿ ನಿಮಗ," ಎಂದು ಜಾಗ ಬಿಟ್ಟುಕೊಟ್ಟಳು. ನಾನು ಕುಳಿತೆ. ಹತ್ತಿದ್ದು ಬಿಸಿಲಲ್ಲ, ಹಳೆಯ ಹೆದರಿಕೆ ಎಂದು ಅವಳಿಗೆ ಹೇಗೆ ಹೇಳಲಿ?

ಕೊಟ್ಟೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದ ನಾನು ನಿವೃತ್ತಳಾದ ವರ್ಷ ಅದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಸುಕಿಗೆ ಗಂಟೆ, ಗಂಟೆಗೆ ಪ್ರಾರ್ಥನೆ, ಪ್ರಾರ್ಥನೆಯ ನಂತರ ಸಾಲು, ಸಾಲಿನಲ್ಲಿ ಉಗುರು ಮತ್ತು ಜಡೆಯ ತಪಾಸಣೆ. ಇಷ್ಟು ವರ್ಷ ಇದನ್ನೇ ಮಾಡಿದವಳಿಗೆ ಮನೆಯಲ್ಲಿ ಸುಮ್ಮನೆ ಕುಳಿತುಕೊಳ್ಳುವುದು ಶಿಕ್ಷೆಯಾಗಿತ್ತು. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದೆ. ಮರುವಾರ ಧಾನ್ಯದ ಪ್ರಕಾರ ಜೋಡಿಸಿದೆ. ನಮ್ಮ ಮನೆಯವರು ನೋಡಿ, "ಇನ್ನ ನನ್ನೂ ಎಲ್ಲಿಯಾದ್ರೂ ಜೋಡ್ಸಿ ಇಟ್ಟುಬಿಡು," ಎಂದು ನಕ್ಕರು.

ಅವರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಮೈಕು ಕೆಟ್ಟ ದಿನವೂ ಹರಪನಹಳ್ಳಿ ಗಾಡಿ, ಹಡಗಲಿ ಗಾಡಿ, ಹಗರಿಬೊಮ್ಮನಹಳ್ಳಿ ಗಾಡಿ ಎಂದು ಅವರು ಕೂಗಿದರೆ ಮೂಲೆಯ ಬೆಂಚಿನಲ್ಲಿ ಮಲಗಿದವನೂ ಎದ್ದು ಗಂಟು ಹೊರುತ್ತಿದ್ದ. ಅಂಥ ದನಿ. ಆ ದನಿಯನ್ನು ನಂಬಿಕೊಂಡು ಊರ ನಾಟಕಗಳಲ್ಲೆಲ್ಲ ಬಣ್ಣ ಹಚ್ಚಿದರು. ಸಿಕ್ಕಿದ ಪಾತ್ರ ಯಾವಾಗಲೂ ಒಂದೇ, ದ್ವಾರಪಾಲಕ. "ಪ್ರಭೂ, ಶತ್ರುಗಳು ಕೋಟೆಯ ಬಾಗಿಲಿಗೆ ಬಂದರು!" ಎಂದು ಕೂಗಿ ಒಳಗೆ ಹೋಗಬೇಕು. ಕುಳ್ಳಗಿದ್ದರು, ಅದಕ್ಕೇ ರಾಜನ ಪಾತ್ರ ಯಾರೂ ಕೊಡಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಅವರಿಗೆ ಎದೆನೋವು ಬಂದಿತ್ತು. ಬಾಡಿಗೆ ಕಾರಿನಲ್ಲಿ ದಾವಣಗೆರೆಗೆ ಒಯ್ದಾಗ ಡಾಕ್ಟರು, "ಸಣ್ಣ ಹೊಡೆತ, ಆದ್ರೆ ಎಚ್ಚರವಾಗಿರಬೇಕು," ಎಂದು ಹೇಳಿ, ನೋವು ಬಂದರೆ ನಾಲಿಗೆಯ ಕೆಳಗೆ ಇಡಲು ಸಣ್ಣ ಗುಳಿಗೆ ಬರೆದುಕೊಟ್ಟರು. ಅಂದಿನಿಂದ ಆ ಗುಳಿಗೆಯ ಡಬ್ಬಿ ನನ್ನ ಸೆರಗಿನ ಗಂಟಿನಲ್ಲಿ ಇತ್ತು. ಅಂದಿನಿಂದಲೇ ನನಗೊಂದು ಹೊಸ ರೂಢಿಯೂ ಹತ್ತಿತು. ನಸುಕಿನಲ್ಲಿ ಎಚ್ಚರವಾದ ಕೂಡಲೇ ದೀಪ ಹಾಕುವ ಮೊದಲು ಅವರ ಉಸಿರು ಕೇಳುವುದು. ಕೇಳಿಸಿದ ಮೇಲೆ ಏಳುವುದು. ಕೇಳಿಸಲು ತಡವಾದ ದಿನ ಅವರ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ.

ಯುಗಾದಿಯ ಆಸುಪಾಸಿನಲ್ಲಿ ಬೆಂಗಳೂರಿನಿಂದ ಟೀವಿಯವರು ಬಂದರು. ಪಾಳೆಗಾರರ ಕಾಲದ ಧಾರಾವಾಹಿ. ಕೂಡ್ಲಿಗಿಯ ಆಚೆ ಗುಡೇಕೋಟೆಯ ಕಲ್ಲುಗುಡ್ಡದಲ್ಲಿ ಚಿತ್ರೀಕರಣ, ಬಟ್ಟೆಬರೆಗೆ ಕೊಟ್ಟೂರಿನಲ್ಲಿ ಬಾಡಿಗೆಗೆ ಹಿಡಿದ ಒಂದು ಶೇಂಗಾ ಗೋದಾಮು. ಉಡುಪಿನ ಉಸ್ತುವಾರಿ ಮಾಲತಿ ಎಂಬ ಹುಡುಗಿಯದು. ಮೂವತ್ತರ ಒಳಗಿನ ವಯಸ್ಸು, ಯಾವಾಗಲೂ ಬಾಯಲ್ಲಿ ಗುಂಡುಸೂಜಿ. ಸಾಲುಸಾಲು ಸಿಪಾಯಿಗಳ, ದಾಸಿಯರ ಬಟ್ಟೆ ಯಾರದು ಯಾರಿಗೆ ಎಂದು ತಿಳಿಯದೆ ಮೊದಲ ದಿನವೇ ಜಗಳವಾಗಿತ್ತಂತೆ. ಯಾರೋ ನನ್ನ ಹೆಸರು ಹೇಳಿ ಕಳಿಸಿದರು. ನಾನು ಹಾಸ್ಟೆಲಿನಲ್ಲಿ ಮಾಡುತ್ತಿದ್ದಂತೆ ಪ್ರತಿ ಬಟ್ಟೆಯ ಒಳಅಂಚಿಗೆ ಕೆಂಪು ದಾರದಲ್ಲಿ ನಂಬರು ಹೊಲಿದೆ. ಸಂಜೆಯೊಳಗೆ ಗೋದಾಮು ಸಾಲಿಗೆ ಬಂತು. ಮಾಲತಿ ಸೂಜಿ ಬಾಯಿಂದ ತೆಗೆದು, "ಮೇಡಂ, ನೀವು ನಾಳೆಯೂ ಬರ್ತೀರಾ?" ಎಂದಳು. ಅವಳೇ ಕತ್ತರಿಗೆ ದಾರ ಪೋಣಿಸಿ ನನ್ನ ಸೊಂಟಕ್ಕೆ ಕಟ್ಟಿದಳು.

ಹೊಸ ಬಟ್ಟೆ ಟೀವಿಯಲ್ಲಿ ಹೊಸದಾಗಿಯೇ ಕಾಣುತ್ತದೆ. ಹಾಗಾಗಿ ಬಿಳಿ ಪಂಚೆ, ರುಮಾಲು, ಅಂಗಿ ಎಲ್ಲವನ್ನೂ ದೊಡ್ಡ ಹಂಡೆಯ ಚಹಾ ಕಷಾಯದಲ್ಲಿ ಅದ್ದಿ, ಕೆಮ್ಮಣ್ಣಿನಲ್ಲಿ ಹೊರಳಿಸಿ ಒಣಹಾಕುತ್ತಿದ್ದೆವು. ಗೋದಾಮಿನ ಶೇಂಗಾದ ವಾಸನೆ ಒಂದೇ ವಾರದಲ್ಲಿ ಸೋತು, ಆ ಕಹಿ ಚಹಾದ ವಾಸನೆಯೇ ಉಳಿಯಿತು.

ಮುಖ ಹುಡುಕುವುದೂ ನಮ್ಮ ಕೆಲಸವಾಯಿತು. ಜೀಪಿನಲ್ಲಿ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಸಂತೆಗಳಿಗೆ ಹೋಗಿ ಜನರನ್ನು ಆರಿಸುತ್ತಿದ್ದೆವು. ನಾನು ಸಾಲು ಹಚ್ಚಿ ನಿಲ್ಲಿಸಿ, "ಕೈ ಮುಂದ ಮಾಡ್ರಿ," ಅನ್ನುತ್ತಿದ್ದೆ. ಮಣಿಕಟ್ಟಿನಲ್ಲಿ ಕೈಗಡಿಯಾರದ ಬಿಳಿ ಗುರುತು ಇದ್ದರೆ ಅವರಿಗೆ ತೋಳು ಮುಚ್ಚುವ ಅಂಗಿ. ಹರಪನಹಳ್ಳಿಯ ದಪ್ಪ ಮೀಸೆಯ ಮೆಕ್ಯಾನಿಕ್ ಇಮಾಮ್ ಸಾಬರನ್ನು ಸೇನಾಪತಿಯ ಬಲಗೈ ಬಂಟನನ್ನಾಗಿ ಆರಿಸಿದಾಗ ಅವರು, "ಯುದ್ಧಕ್ಕ ಹೋಗ್ತೀನ್ರಿ ಅಕ್ಕಾರ, ಆದ್ರ ಗಡಿಯಾರ ಬಿಚ್ಚಂಗಿಲ್ಲ. ಮಾವ ಕೊಟ್ಟಿದ್ದು," ಎಂದು ಹಟ ಹಿಡಿದರು. ಇಂಥದ್ದಕ್ಕೆ ನಗುತ್ತ ದಿನಗಳು ಹೋಗುತ್ತಿದ್ದವು. ಆ ಹೆಣದ ದೃಶ್ಯ ಬರುವ ತನಕ.

ಕಥೆಯಲ್ಲಿ ಹಿರಿಯ ಪಾಳೆಗಾರ ತೀರಿಕೊಳ್ಳಬೇಕು, ಅವನ ಮೆರವಣಿಗೆ ಕೋಟೆಯ ಬಾಗಿಲಿನಿಂದ ಹೊರಡಬೇಕು. ಟೀವಿಯವರು ಚಟ್ಟ, ಚಿತೆ ಎಂದು ಬರೆದುಕೊಂಡು ಬಂದಿದ್ದರು. ಊರ ಹಿರಿಯರು ತಕರಾರು ಮಾಡಿದರು. ಲಿಂಗ ಕಟ್ಟಿದ ಮನೆತನವೆಂದು ಕಥೆಯಲ್ಲಿ ತೋರಿಸಿ ಚಿತೆಗೆ ಏರಿಸುವುದೆಂದರೇನು? ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಬಾಳೆಕಂಬ ಮತ್ತು ಹೂವಿನಿಂದ ಕಟ್ಟಿದ ವಿಮಾನದಲ್ಲಿ ಕುಳ್ಳಿರಿಸಿ, ಭಜನೆಯೊಡನೆ ಒಯ್ಯುತ್ತೇವೆ, ಕುಳಿತಂತೆಯೇ ಮಣ್ಣು ಕೊಡುತ್ತೇವೆ. ನಿರ್ದೇಶಕರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಕುಳಿತ ರಾಜ, ಹೂವು, ಕಲ್ಲುಗುಡ್ಡ ಎಂದು ಕುಣಿದಾಡಿಬಿಟ್ಟರು. ಆದರೆ ಆ ಪಾತ್ರಕ್ಕೆ ಬಂದಿದ್ದ ವಯಸ್ಸಾದ ನಟರು, ಮಲಗಿದ್ದರೆ ಬೇರೆ ಮಾತು, ಹೆಣವಾಗಿ ಕುಳಿತು ಊರೆಲ್ಲ ಮೆರೆಯುವುದಿಲ್ಲ ಎಂದು ರಾತ್ರೋರಾತ್ರಿ ಊರಿಗೆ ಹೊರಟುಹೋದರು.

ಮರುದಿನ ನಮ್ಮ ಮನೆಯವರು ನನಗೆ ಬುತ್ತಿ ತಂದು, ಗೋದಾಮಿನ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದರು. ನಿರ್ದೇಶಕರು ಜೀಪಿನಿಂದ ಇಳಿದವರು ಅವರ ಎದುರು ನಿಂತುಬಿಟ್ಟರು. ಕುಳಿತಾಗ ನಮ್ಮ ಮನೆಯವರು ಕುಳ್ಳಗೆ ಕಾಣುತ್ತಿರಲಿಲ್ಲ. ಅಗಲವಾದ ಹಣೆ, ನೆಟ್ಟಗಿನ ಬೆನ್ನು, ಬಿಳಿ ಮೀಸೆ.

"ಕಣ್ಣು ಮುಚ್ಚಿ ಸಾರ್," ಎಂದರು ನಿರ್ದೇಶಕರು.

ಅವರು ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ಕಣ್ಣು ಮುಚ್ಚಿದರು.

"ಪಾಳೆಗಾರ ಸಿಕ್ಕಿದ," ಎಂದರು ನಿರ್ದೇಶಕರು. ನನ್ನ ಕೈಯಲ್ಲಿದ್ದ ಒದ್ದೆ ರುಮಾಲು ಕೆಳಗೆ ಬಿತ್ತು.

ಮನೆಗೆ ಬಂದ ಮೇಲೆ ಬೇಡ ಎಂದೆ. ಬೇಡ ಎಂದೇ ಹೇಳುತ್ತಿದ್ದೆ. ಅವರು ಮೊದಲು ವಾದ ಮಾಡಿದರು: ಮಾತಿಲ್ಲ, ಓಡಾಟವಿಲ್ಲ, ಕೂಡುವುದಷ್ಟೇ. ದಾವಣಗೆರೆಗೆ ಫೋನು ಮಾಡಿದರು, ಡಾಕ್ಟರು ನಕ್ಕು, "ಕುಂತ್ಕೊಳ್ಳೋದಕ್ಕೇನು, ಆರಾಮಾಗಿ ಕುಂತ್ಕೊಳ್ಳಿ," ಎಂದರಂತೆ. ಆಮೇಲೆ ವಾದ ನಿಲ್ಲಿಸಿ ಸಣ್ಣ ದನಿಯಲ್ಲಿ ಹೇಳಿದರು. ಆ ದನಿ ಅವರದಲ್ಲ ಅನ್ನಿಸುವಷ್ಟು ಸಣ್ಣದಾಗಿತ್ತು.

"ಇಡೀ ಆಯುಷ್ಯ ಬಾಗಿಲು ಕಾದೀನಿ, ಶಾಂತಾ. ಒಮ್ಮೆ ಒಳಗ ಕುಂದರ್ತೀನಿ."

ಅಳತೆಪಟ್ಟಿ ತಂದು ರುಮಾಲಿಗೆ ಅವರ ತಲೆ ಅಳೆದೆ.

ಹಗರಿಬೊಮ್ಮನಹಳ್ಳಿಯಿಂದ ಅವರ ಅಕ್ಕ ಗಂಗಮ್ಮ ಸುದ್ದಿ ಕೇಳಿ ಮೊದಲ ಬಸ್ಸಿಗೇ ಬಂದಿಳಿದಳು. ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು.

"ಅಲ್ಲಲೇ ತಮ್ಮಾ, ವಿಮಾನದಾಗ ಕುಂದ್ರಾಕ ಅಷ್ಟು ಆತ್ರ ಐತೇನು ನಿನಗ? ಆ ಪಾಳಿ ಎಲ್ಲಾರಿಗೂ ಬರ್ತೈತಿ. ಜಾಗ ಕಾದಿಡಬೇಕಾಗಿಲ್ಲ."

"ಅಕ್ಕಾ, ನಾನು ಕಂಟ್ರೋಲರು. ಮೊದ್ಲ ಟಿಕೀಟು ತಗಸಿದ್ರ ಬಸ್ಸು ಬೇಗ ಬರಾಂಗಿಲ್ಲ."

ಗಂಗಮ್ಮ ನನ್ನ ಕಡೆ ತಿರುಗಿದಳು. "ನಿನ್ನ ಕೈಲೇ ಇಭೂತಿ ಹಚ್ಚಿ, ನೀನ ಕುಂದ್ರಸ್ತೀಯಂತಲ್ಲವಾ? ಕುಂಕುಮ ಭಾರ ಆಗೈತೇನು?"

ನಾನು ಶಕುನ ನಂಬುವವಳಲ್ಲ. ಹಾಸ್ಟೆಲಿನ ಬಾವಿಯಲ್ಲಿ ದೆವ್ವವಿದೆ ಎಂದು ಹುಡುಗಿಯರು ಚೀರಿದಾಗ ಅವರೆದುರಿಗೇ ಬಾವಿಗೆ ಲಾಟೀನು ಇಳಿಸಿ ಆಮೆ ತೋರಿಸಿದವಳು. ಆದರೂ ಗಂಗಮ್ಮನ ಮಾತನ್ನು ಮಾಲತಿಗೆ ಹೇಳಿದೆ. ಮಾಲತಿ ಸಮಾಧಾನ ಮಾಡಿದಳು. ಚಿತ್ರೀಕರಣದವರಲ್ಲಿ ಒಂದು ವಾಡಿಕೆ ಇದೆಯಂತೆ: ಸಾವಿನ ದೃಶ್ಯ ಮುಗಿದ ಕೂಡಲೇ ಅದೇ ವೇಷದಲ್ಲಿ ಆ ನಟ ನಗುತ್ತಿರುವ ಒಂದು ಚಿತ್ರ ತೆಗೆಯುತ್ತಾರೆ, ದೋಷ ಕಳೆಯುತ್ತದೆ. "ಮೇಡಂ, ನಗುವ ಫೋಟೋ ನಾನೇ ನಿಂತು ತೆಗೆಸ್ತೀನಿ," ಎಂದಳು. ಹೂಂ ಎಂದೆ. ಆದರೆ ನನ್ನ ಹೆದರಿಕೆ ದೋಷದ್ದಾಗಿರಲಿಲ್ಲ. ಒಬ್ಬ ಮನುಷ್ಯ ಸತ್ತವನಂತೆ ಅಲುಗಾಡದೆ ಕುಳಿತಿರುವಾಗ ನಿಜವಾಗಿ ಸತ್ತರೆ ಅದು ಯಾರಿಗೆ ತಿಳಿಯುತ್ತದೆ? ಚೆನ್ನಾಗಿ ಮಾಡುತ್ತಿದ್ದಾನೆ ಎಂದು ಎಲ್ಲರೂ ಮೆಚ್ಚಿಕೊಂಡು ನಿಂತಿರುತ್ತಾರೆ.

ಅದಕ್ಕೇ ನಾನೊಂದು ಕರಾರು ಹಾಕಿದೆ.

"ಬಲಗಾಲಿನ ಹೆಬ್ಬೆರಳು ಆಡಿಸ್ತಿರ್ರಿ. ಅದು ಆಡ್ತಿರೋ ತನಕ ನಾನು ಸುಮ್ಮನಿರ್ತೀನಿ."

"ನಿಂತ್ರ?"

"ಬರ್ತೀನಿ."

"ಶಾಟಿನ ನಡುವ?"

"ಶಾಟಿನ ನಡುವ."

"ಹೆಣದ ಬೆರಳು ಆಡಿದ್ರ ಜನ ನಗ್ತಾರ, ವಾರ್ಡನ್ನಮ್ಮಾ."

"ನಗ್ಲಿ."

ನಿರ್ದೇಶಕರನ್ನೂ ಕೇಳಿದೆ. ಒಂದು ಕ್ಯಾಮೆರಾ ಗುಡ್ಡದ ಮೇಲೆ ದೂರದಲ್ಲಿ, ಇನ್ನೊಂದು ಕೋಟೆಯ ಬಾಗಿಲಲ್ಲಿ. ಬಾಗಿಲಿನದು ಮುಖವನ್ನಷ್ಟೇ ಹಿಡಿಯುತ್ತದೆ, ಬೆರಳು ಕಾಣುವುದಿಲ್ಲ ಎಂದರು.

ಆ ದಿನ ಬೆಳಗಿನ ಹೊತ್ತಿಗೇ ಗುಡೇಕೋಟೆಯ ಬಂಡೆಗಳು ಕಾಯತೊಡಗಿದ್ದವು. ಹಡಗಲಿಯಿಂದ ಬುಟ್ಟಿಬುಟ್ಟಿ ಮಲ್ಲಿಗೆ ಬಂದಿತ್ತು. ಗುಡಾರದಲ್ಲಿ ಅವರನ್ನು ಕುಳ್ಳಿರಿಸಿ ನಾನೇ ಸಿದ್ಧ ಮಾಡಿದೆ. ಚಹಾದ ನೀರು ಕುಡಿದು ಕಂದಿದ ರೇಷ್ಮೆಯಂಚಿನ ಪಂಚೆ, ಜರಿಯ ಶಾಲು, ದೊಡ್ಡ ರುಮಾಲು. ಆ ಕಾಲದ ಉಡುಪಿನಲ್ಲಿ ಜೇಬಿಲ್ಲ, ಗುಳಿಗೆ ನನ್ನ ಸೆರಗಿನಲ್ಲೇ ಉಳಿಯಿತು. ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಹಚ್ಚಿದೆ. ಇಡೀ ನೌಕರಿ ಕಟ್ಟಿದ್ದ ಗಡಿಯಾರದ ಬಿಳಿ ಗುರುತಿನ ಮೇಲೆ ಮೂರು ಬೆರಳು ಎಳೆದಾಗ ಅವರ ನಾಡಿ ನನ್ನ ಬೆರಳಿಗೆ ತಾಗಿತು. ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟೆ.

"ಸಾಕೇನು? ಗಾಡಿ ಟೈಮಿಗೆ ಐತೇನು?" ಎಂದರು ಕಣ್ಣು ಮುಚ್ಚಿಕೊಂಡೇ.

"ಮಾತಾಡಬ್ಯಾಡ್ರಿ. ನೀವು ಸತ್ತೀರಿ," ಎಂದೆ. ನಗಿಸಲೆಂದು ಹೇಳಿದ ಮಾತು. ಹೇಳಿದ ಮೇಲೆ ಮತ್ತೊಮ್ಮೆ ನಾಡಿ ಮುಟ್ಟಿ ನೋಡಿದೆ.

ಭಜನೆಗೆ ನಟರು ಬೇಡ ಎಂದು ನಿರ್ದೇಶಕರು ನಿಜವಾದ ಮೇಳವನ್ನೇ ಕರೆಸಿದ್ದರು. ಮುದುಕಪ್ಪನ ಮೇಳ. ಸುತ್ತಲಿನ ಊರುಗಳಲ್ಲಿ ಯಾರೇ ಹೋಗಲಿ, ವಿಮಾನ ಕಟ್ಟುವುದು, ಕುಳ್ಳಿರಿಸುವುದು, ಹಾಡುತ್ತ ಮಣ್ಣಿನ ತನಕ ಮುಟ್ಟಿಸುವುದು ಅವನ ಮೇಳದ ಕೆಲಸ. ನಮ್ಮ ಮಾವನವರನ್ನೂ ಅವನೇ ಕುಳ್ಳಿರಿಸಿದ್ದ. ಅವನನ್ನು ನೋಡಿದ ಕೂಡಲೇ ಸೆರಗಿನ ಗಂಟು ಮುಟ್ಟಿ ನೋಡಿಕೊಂಡೆ, ಆದರೆ ಅವನು, "ಅಕ್ಕಾರ, ಜೀವ ಇದ್ದೋರ್ನ ಹೊರೋದು ಇದ ಮೊದ್ಲು. ಕೈ ನಡಗ್ತಾವ," ಎಂದು ತಾನೇ ಹೆದರಿದವನಂತೆ ಕಂಡ.

ಮಾಲತಿಯ ಲೆಕ್ಕದಲ್ಲಿ ಅವರು ಜಾರದಂತೆ ಸೊಂಟಕ್ಕೆ ಒಂದು ಸಡಿಲ ಪಟ್ಟಿ, ಅಷ್ಟೇ. ಅದನ್ನು ನಾನೇ ಕಟ್ಟಿದೆ. ಅಷ್ಟರಲ್ಲಿ ಸಿಪಾಯಿಗಳ ಸಾಲಿನಿಂದ ನನ್ನ ಹೆಸರು ಕೂಗಿದರು. ಇಮಾಮ್ ಸಾಬರ ಅಂಗಿಯ ತೋಳು ಮೇಲೇರಿ ಗಡಿಯಾರ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹೋಗಿ ಅವರ ತೋಳಿನ ಅಂಚನ್ನು ಹೊಲಿದು ಬರುವಷ್ಟರಲ್ಲಿ ಡೊಳ್ಳು ಶುರುವಾಗಿತ್ತು, ವಿಮಾನ ಹೆಗಲಿಗೆ ಏರಿತ್ತು, ನಿರ್ದೇಶಕರು ಗುಡ್ಡದ ಮೇಲಿನಿಂದ ಬಾವುಟ ಬೀಸಿ ಆಗಿತ್ತು. ಅಷ್ಟು ಜನರನ್ನು, ಅಷ್ಟು ಹೂವನ್ನು ಮತ್ತೆ ಸೇರಿಸುವುದು ಆಗದ ಮಾತು. ಒಂದೇ ಸಲ, ಏನೇ ಆದರೂ ನಿಲ್ಲಿಸಬಾರದು ಎಂದು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿದ್ದರು.

ನಾನು ಕೋಟೆಯ ಬಾಗಿಲ ಪಕ್ಕದ ಬಂಡೆಯ ಮರೆಯಲ್ಲಿ ನಿಂತೆ. ಮೆರವಣಿಗೆ ಬಾಗಿಲು ದಾಟಿ ಎದುರಿಗೆ ಬಂತು. ಮೊದಲು ಪಾದ ನೋಡಿದೆ. ಹೆಬ್ಬೆರಳು ಆಡುತ್ತಿತ್ತು. ಮೇಲೆ, ಕೆಳಗೆ, ಮೇಲೆ, ಕೆಳಗೆ, ಡೊಳ್ಳಿನ ತಾಳಕ್ಕೇ. ಉಸಿರು ಬಿಟ್ಟು ಮುಖ ನೋಡಿದೆ. ಕಿವಿಯ ಪಕ್ಕ, ರುಮಾಲಿನ ಕೆಳಗೆ, ಬಿಳಿ ಬಟ್ಟೆಯ ಅಂಚು.

ಅದು ನಮ್ಮ ಉಡುಪಿನಲ್ಲಿ ಇರಲಿಲ್ಲ. ಗದ್ದದ ಕೆಳಗಿನಿಂದ ನೆತ್ತಿಗೆ ಎಳೆದು ಕಟ್ಟಿದ ಬಟ್ಟೆ. ಸತ್ತವರ ಬಾಯಿ ತೆರೆದುಕೊಳ್ಳಬಾರದೆಂದು ಕಟ್ಟುವುದು.

ನನಗೆ ಒಮ್ಮೆಗೇ ಎಲ್ಲ ಗೊತ್ತಾಯಿತು. ನಾನು ಅತ್ತ ಹೋದಾಗ, ಎತ್ತುವ ಹೊತ್ತಿಗೆ ವಿಮಾನ ವಾಲಿರಬೇಕು. ಬೀಳುತ್ತಾರೆ ಎಂದು ಮುದುಕಪ್ಪ ಕಟ್ಟಿದ್ದಾನೆ, ತನಗೆ ಗೊತ್ತಿರುವಂತೆ ಕಟ್ಟಿದ್ದಾನೆ. ಗದ್ದಕ್ಕೆ ಕಟ್ಟಿದ್ದರೆ ಎದೆಗೂ ಕಟ್ಟಿದ್ದಾನೆ. ಮಾವನವರು ತೀರಿದ ದಿನ ನಾನು ನೋಡಿದ್ದೆ: ತೋಳಿನ ಕೆಳಗಿನಿಂದ ಸುತ್ತಿ, ಮೊಣಕಾಲು ಒತ್ತಿ, ಹಿಂದಿನ ಹಲಗೆಗೆ ಬಿಗಿಯುವುದು. ಬಿಚ್ಚಲಿಕ್ಕೆಂದು ಹಾಕುವ ಗಂಟಲ್ಲ. ಮೇಲೆ ನಾನೇ ಹೊದಿಸಿದ ಜರಿಯ ಶಾಲು ಅದನ್ನೆಲ್ಲ ಮುಚ್ಚಿತ್ತು. ಎದೆಯ ಮೇಲೆ ಕಟ್ಟು, ಮೇಲೆ ಬಿಸಿಲು. ಕೂಗಬೇಕೆಂದರೆ ಬಾಯಿ ತೆರೆಯುವುದಿಲ್ಲ, ಕೂಗಿದರೂ ಡೊಳ್ಳಿನಲ್ಲಿ ಕೇಳುವುದಿಲ್ಲ. ಬಸ್ ಸ್ಟ್ಯಾಂಡನ್ನೇ ಎಬ್ಬಿಸುತ್ತಿದ್ದ ದನಿ. ನಾಲಿಗೆಯ ಕೆಳಗಿಡುವ ಗುಳಿಗೆ ನನ್ನ ಸೆರಗಿನಲ್ಲಿದೆ, ಆ ಬಾಯಿ ಕಟ್ಟಿದೆ.

ಆದರೆ ಬೆರಳು ಆಡುತ್ತಿದೆ. ಕರಾರು ಕರಾರು. ಅವರ ಆಯುಷ್ಯದ ಒಂದೇ ಒಂದು ಸಿಂಹಾಸನ. ಬೆರಳಿನ ಮೇಲೆ ಕಣ್ಣು ನೆಟ್ಟು ಬಂಡೆಯನ್ನು ಹಿಡಿದುಕೊಂಡು ನಿಂತೆ.

ಊರಿನ ಹೆಂಗಸರು ಎರಡೂ ಬದಿಯಲ್ಲಿ ಮಲ್ಲಿಗೆ ಹಿಡಿದು ನಿಂತಿದ್ದರು. ನಾಲ್ಕು ನಾಲ್ಕು ಹೂವು ಎರಚಿ ಎಂದು ಅವರಿಗೆ ಹೇಳಿಕೊಟ್ಟಿದ್ದೆವು. ಮುದುಕಪ್ಪನ ಹಾಡು ಏರಿದಂತೆ ಅವರು ಹೇಳಿಕೊಟ್ಟದ್ದನ್ನು ಮರೆತರು. ಯಾರೋ ನಿಜವಾಗಿ ಅಳತೊಡಗಿದರು. ಮುಂದೆ ನುಗ್ಗಿ, ಸತ್ತವರಿಗೆ ಮಾಡುವಂತೆ ಪಾದಕ್ಕೆ ಕೈ ಮುಟ್ಟಿಸಿ, ಬೊಗಸೆ ಬೊಗಸೆ ಹೂವನ್ನು ಪಾದದ ಮೇಲೆಯೇ ಸುರಿದರು. ಒಂದು ಬೊಗಸೆ. ಇನ್ನೊಂದು. ಹೆಬ್ಬೆರಳು ಒಮ್ಮೆ ಹೂವಿನ ನಡುವಿನಿಂದ ಎದ್ದಿತು. ಮತ್ತೊಂದು ಬೊಗಸೆ ಬಿತ್ತು. ಆಮೇಲೆ ಬಿಳಿಯ ಗುಡ್ಡೆ ಮಾತ್ರ.

ಆ ಗುಡ್ಡೆ ಅಲುಗುತ್ತದೆಯೇ ಎಂದು ನೋಡಿದೆ. ಹೊತ್ತವರ ಹೆಜ್ಜೆಗೆ ಇಡೀ ವಿಮಾನವೇ ಅಲುಗುತ್ತಿತ್ತು. ಅವರ ಹಣೆ ನೋಡಿದೆ. ಬೆವರು ವಿಭೂತಿಯನ್ನು ಕೊಚ್ಚಿಕೊಂಡು ಮೂಗಿನ ಮೇಲೆ ಇಳಿದಿತ್ತು. ತುಟಿ ಕಪ್ಪಾಗಿ ಕಂಡಿತು. ಅದು ನೆರಳೋ, ಬಣ್ಣವೋ, ಏನೋ.

ಆಗ ಓಡಿದೆ. ಓಡಬೇಡಿ, ಸಾಲಿನಲ್ಲಿ ನಡೆಯಿರಿ ಎಂದು ಜೀವನವಿಡೀ ಹುಡುಗಿಯರಿಗೆ ಕೂಗಿದವಳು ಪಾಳೆಗಾರನ ಸಿಪಾಯಿಗಳ ನಡುವೆ, ನೈಲೆಕ್ಸ್ ಸೀರೆ, ಕನ್ನಡಕ, ರಬ್ಬರ್ ಚಪ್ಪಲಿಯಲ್ಲಿ ಓಡಿದೆ. ಗುಡ್ಡದ ಮೇಲಿನಿಂದ ಯಾರೋ ಒದರಿದರು. "ಇಳಸ್ರಿ! ಇಳಸ್ರಿ ಕೆಳಗ!" ಎಂದು ಚೀರಿದೆ. ಹೊತ್ತವರು ಗಾಬರಿಯಾಗಿ ನಿಂತರು. ಇಮಾಮ್ ಸಾಬರು ಈಟಿ ಬಿಸಾಡಿ ಬಂದು ಒಂದು ಮೂಲೆಗೆ ಹೆಗಲು ಕೊಟ್ಟು ಇಳಿಸಿದರು. ಶಾಲು ಎಳೆದು ಒಗೆದೆ. ಎದೆಯ ಮೇಲೆ ಬಿಳಿ ಪಟ್ಟಿ, ಮೂರು ಸುತ್ತು. ಗಂಟಿಗೆ ಕೈ ಹಾಕಿದೆ, ಕಲ್ಲು. ಸೊಂಟದಲ್ಲಿ ಕತ್ತರಿ ಇತ್ತು. ಎದೆಯದು ಕತ್ತರಿಸಿದೆ, ಆಮೇಲೆ ಗದ್ದದ್ದು. ಅವಸರಕ್ಕೆ ಕತ್ತರಿ ಕಿವಿಯ ತುದಿ ಗೀರಿತು.

ಏನೂ ಆಗಲಿಲ್ಲ. ಅವರು ಹಾಗೆಯೇ ಕುಳಿತಿದ್ದರು. ಡೊಳ್ಳು ನಿಂತಿತ್ತು. ಅವರ ಮೂಗಿನ ಹತ್ತಿರ ಕೈ ಹಿಡಿದೆ.

ಆಮೇಲೆ ಬಸ್ಸಿನ ಬ್ರೇಕು ಗಾಳಿ ಬಿಟ್ಟಂತೆ ಸದ್ದಾಗಿ ಒಂದು ದೊಡ್ಡ ಉಸಿರು ಒಳಗೆ ಹೋಯಿತು. ಬಾಯಿ ತೆರೆಯಿತು. ಗುಳಿಗೆಯನ್ನು ನಾಲಿಗೆಯ ಕೆಳಗೆ ತಳ್ಳಿದೆ. ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ಅವ್ರು ಕಟ್ ಅಂದ್ರೇನು?"

"ಇಲ್ಲ."

"ಮತ್ತ್ಯಾಕ ಬಂದಿ?"

"ಬೆರಳು ಕಾಣಲಿಲ್ಲ."

"ನಾನು ಆಡಸ್ತಾನ ಇದ್ನೆಲ್ಲಾ!" ಎಂದು ಸಿಟ್ಟಿನಿಂದ ಮುಖ ತಿರುಗಿಸಿದರು. ಆದರೆ ನನ್ನ ಮಣಿಕಟ್ಟನ್ನು ಹಿಡಿದಿದ್ದ ಅವರ ಕೈ ತಣ್ಣಗಿತ್ತು, ಬಿಡಲಿಲ್ಲ.

ನೆರಳಿಗೆ ಒಯ್ದು ಮಲಗಿಸಿ, ಕೂಡ್ಲಿಗಿಯಿಂದ ಡಾಕ್ಟರನ್ನು ಕರೆಸಿ, ನಾಡಿ ಸರಿಯಿದೆ ಎಂದು ಅವರು ಹೇಳುವ ತನಕ ನಾನು ಪಕ್ಕದಿಂದ ಏಳಲಿಲ್ಲ. ನಿರ್ದೇಶಕರು ಬಯ್ಯಲೆಂದೇ ಗುಡ್ಡ ಇಳಿದು ಬಂದಿದ್ದರು. ಎದೆಯ ಮೇಲೆ ಎದ್ದ ಕೆಂಪು ಬಾಸುಂಡೆಯನ್ನು ನೋಡಿ ಕಲ್ಲಿನ ಮೇಲೆ ಕುಳಿತು, ನೀರು ಕೇಳಿದರು. ಮತ್ತೊಮ್ಮೆ ಮಾಡೋಣ ಎನ್ನಲಿಲ್ಲ. ಬಾಗಿಲಿನಲ್ಲಿ ಹಿಡಿದದ್ದೇ ಸಾಕು ಎಂದರು.

ಮಾಲತಿ ಮಾತ್ರ ಕೊಟ್ಟ ಮಾತು ಮರೆಯಲಿಲ್ಲ. ಸಂಜೆಯ ಹೊತ್ತಿಗೆ ಕ್ಯಾಮೆರಾ ತರಿಸಿ, "ಸಾರ್, ರುಮಾಲು ಹಾಕ್ಕೊಂಡು ಒಂದು ಸಲ ನಗಿ, ಪ್ಲೀಸ್," ಎಂದಳು. ಅವರು ಕೋಟೆಯ ಗೋಡೆಗೆ ಒರಗಿ ಕುಳಿತು ನಗಲೊಲ್ಲರು. "ಅರ್ಧದಾರಿಯಾಗ ಇಳಸಿದ್ರ ಯಾವ ರಾಜ ನಗ್ತಾನ?" ಎಂದರು. ನಾನು ಹೆದರಿ ಹೆದರಿ ದಣಿದಿದ್ದೆ. ನಗಿಸುವ ಶಕ್ತಿ ನನ್ನಲ್ಲಿ ಇರಲಿಲ್ಲ. ಮುದುಕಪ್ಪ ಮೂಲೆಯಲ್ಲಿ ನಿಂತವನು ಮುಂದೆ ಬಂದು ಕೈಮುಗಿದ. ಅವನ ಕಣ್ಣಲ್ಲಿ ನೀರು.

"ತಪ್ಪಾತ್ರಿ ಸಾಹುಕಾರ್ರ. ಕೈ ರೂಢಿ. ಇಷ್ಟು ಮಂದೀನ ಕಟ್ಟೀನಿ, ಬಿಗಿ ಆತು ಅಂತ ಇಲ್ಲೀತನಕ ಒಬ್ರೂ ಅಂದಿದ್ದಿಲ್ರಿ."

ಒಮ್ಮೆಗೇ ನಮ್ಮ ಮನೆಯವರ ಹೊಟ್ಟೆಯಿಂದ ಆ ಬಸ್ ಸ್ಟ್ಯಾಂಡಿನ ದನಿ ಹೊರಬಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕರು, ರುಮಾಲು ವಾರೆಯಾಗಿ ಕಿವಿಯ ಮೇಲೆ ಬಂತು. ಮಾಲತಿ ಫೋಟೋ ತೆಗೆದಳು. ನಾನು ಗುಡಾರದ ಹಿಂದೆ ಹೋಗಿ ಅತ್ತು ಬಂದೆ.

ಮಳೆಗಾಲದಲ್ಲಿ ಆ ಕಂತು ಬಂತು. ಓಣಿಯವರೆಲ್ಲ ನಮ್ಮ ಪಡಸಾಲೆಯಲ್ಲಿ ತುಂಬಿದ್ದರು. ಗಂಗಮ್ಮ, ನಾನು ನೋಡುವುದಿಲ್ಲ ಎನ್ನುತ್ತಲೇ ಹಗರಿಬೊಮ್ಮನಹಳ್ಳಿಯಿಂದ ಬಂದು ಟೀವಿಯ ಎದುರಿನಲ್ಲೇ ಕುಳಿತಿದ್ದಳು. ಡೊಳ್ಳು, ಬಾವುಟ, ಕೋಟೆಯ ಬಾಗಿಲು. ಕ್ಯಾಮೆರಾ ಮುಖವನ್ನು ತೋರಿಸಿತು. ಓಣಿಯವರು ಚಪ್ಪಾಳೆ ಹೊಡೆದರು. ಮುಖದಿಂದ ಮೆಲ್ಲನೆ ಕೆಳಗಿಳಿಯಿತು. ಶಾಲು, ಕೈ, ಮೊಣಕಾಲು, ಪಾದ. ನಾಡಿನ ಜನರೆಲ್ಲರ ಎದುರು ಸತ್ತ ಪಾಳೆಗಾರನ ಹೆಬ್ಬೆರಳು ಡೊಳ್ಳಿನ ತಾಳಕ್ಕೆ ಸರಿಯಾಗಿ ಆಡುತ್ತಿತ್ತು.

ಮಕ್ಕಳು ಬಿದ್ದು ಬಿದ್ದು ನಕ್ಕರು. "ಅಯ್ಯ, ಇವ್ನ ಹೆಣಕ್ಕೂ ತಾಳ ತಪ್ಪಂಗಿಲ್ಲ!" ಎಂದಳು ಗಂಗಮ್ಮ. ಅವರು ತಲೆಗೆ ಕೈ ಹಚ್ಚಿಕೊಂಡು, "ಮರ್ಯಾದಿ ತಗದ್ಯೆಲ್ಲಾ ವಾರ್ಡನ್ನಮ್ಮಾ," ಎಂದರು. ನಾನು ಮಾತ್ರ ಆ ಬೆರಳನ್ನು ನೋಡುತ್ತಿದ್ದೆ. ಅದು ಟೀವಿಯಲ್ಲಿ ಆಡುತ್ತಿತ್ತು, ಟೀವಿಯ ಎದುರು ಚಾಪೆಯ ಮೇಲೂ ಆಡುತ್ತಿತ್ತು, ಅವರಿಗೇ ತಿಳಿಯದೆ.

ಜನರೆಲ್ಲ ಎದ್ದು ಹೋದ ಮೇಲೆ ಒಮ್ಮೆ ಮಾತ್ರ ಕೇಳಿದೆ, "ಖರೇ ಹೇಳ್ರಿ. ಅವತ್ತು ಬಿಗಿ ಆಗಿತ್ತೋ ಇಲ್ಲೋ?"

"ಆಗಿತ್ತು," ಎಂದರು. "ಆದ್ರ ರಾಜ ಆಗಿ ಅದನ್ನ ಹೆಂಗ ಹೇಳೋದು?"

ಅದಾದ ಮೇಲೆ ಅವರು ಬಹಳ ವರ್ಷ ಇದ್ದರು. ಬೆಳಗಿನ ಉಸಿರು ಕೇಳುವ ನನ್ನ ರೂಢಿ ತಪ್ಪಲಿಲ್ಲ. ಒಂದು ನಸುಕಿನಲ್ಲಿ ಕೇಳಿಸಲಿಲ್ಲ. ದೀಪ ಹಾಕುವ ಮೊದಲೇ ಗೊತ್ತಾಯಿತು. ನೋವು ತಿಂದ ಗುರುತು ಮುಖದಲ್ಲಿ ಇರಲಿಲ್ಲ.

ಮುದುಕಪ್ಪ ಬಂದ. ಕೋಲೂರಿಕೊಂಡು ಬಂದ, ಕಟ್ಟುವ ಕೆಲಸವನ್ನು ಮೇಳದ ಬೇರೆಯವರಿಗೆ ಬಿಡಲಿಲ್ಲ. ಬಿಳಿ ಪಟ್ಟಿ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದ. ಅವನ ಮೇಳದಲ್ಲಿ ಯಾರೂ ಯಾರನ್ನೂ ಕೇಳದ ಮಾತನ್ನು ಕೇಳಿದ.

"ಅಕ್ಕಾರ, ಕಟ್ಲೇನ್ರಿ?"

"ಸಡ್ಲ ಕಟ್ಟು, ಮುದುಕಪ್ಪಾ."

ಅವನು ಎದೆಗೆ ಒಂದೇ ಸುತ್ತು ಸುತ್ತಿ, ಎಳೆದರೆ ಬಿಚ್ಚುವ ಗಂಟು ಹಾಕಿದ.

ಓಣಿಯವರು ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟಿ ಹೂವು ಹಾಕಿದರು. ಅವರು ಹಾಕಿದ ಹಾಗೆಲ್ಲ ನಾನು ಬಲಪಾದದ ಮೇಲಿನ ಹೂವನ್ನು ಪಕ್ಕಕ್ಕೆ ಸರಿಸುತ್ತ ಕುಳಿತೆ. ಮತ್ತೆ ಹಾಕಿದರು, ಮತ್ತೆ ಸರಿಸಿದೆ. ಎದುರಿಗೆ ಕುಳಿತಿದ್ದ ಗಂಗಮ್ಮ ಬಹಳ ಹೊತ್ತು ನೋಡಿದಳು. ಏನೋ ಅನ್ನುತ್ತಾಳೆ ಎಂದುಕೊಂಡೆ. ಮೊಣಕಾಲ ಮೇಲೆ ಜರುಗುತ್ತ ಹತ್ತಿರ ಬಂದು, ವಿಮಾನ ಏಳುವ ತನಕ ಅವಳೂ ಸರಿಸಿದಳು.